ಹಸಿರು ನಂಬರ್ ಪ್ಲೇಟೂ ದೊಡ್ಡಪ್ಪನ ಪ್ರಶ್ನೆಯೂ

ಎರಡು ವರ್ಷದ ಹಿಂದಿನ ಮಾತು. ಹಸಿರು ನಂಬರ್ ಪ್ಲೇಟಿನ ಬ್ಯಾಟರಿ ಕಾರು ಕೊಂಡ ಹೊಸತು. ಅದನ್ನು ಊರಿಗೆ ಓಡಿಸಿಕೊಂಡು ಹೋಗಿ ಮನೆಯ ಅಂಗಳದಲ್ಲಿ ನಿಲ್ಲಿಸಿ ಬೀಗಬೇಕೆಂಬ ಆಸೆ. ಬೆಂಗಳೂರಿನಿಂದ ಸಾಗರದ ಆಚೆಗಿನ ನಮ್ಮ ಹಳ್ಳಿಗೆ ನಾನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ದಾರಿಯಲ್ಲಿ ಎರಡು ಕಡೆ ಚಾರ್ಜಿಗೆ ನಿಂತೆ. ಅದರಲ್ಲಿ ಒಂದು ಕಡೆ ಯಂತ್ರ ಕೆಟ್ಟಿತ್ತು, ಮೂರನೆಯದನ್ನು ಹುಡುಕಿಕೊಂಡು ಹೋದೆ. ಮನೆ ಮುಟ್ಟುವ ಹೊತ್ತಿಗೆ ಬ್ಯಾಟರಿಯಲ್ಲಿ ಉಳಿದದ್ದು ನೂರಕ್ಕೆ ಹನ್ನೊಂದು ಪಾಲು. ಅಡುಗೆಮನೆಯಲ್ಲಿ ಗ್ರೈಂಡರಿಗೆಂದು ಹಾಕಿಸಿದ್ದ ದಪ್ಪ ಪ್ಲಗ್ಗಿನ ಸಾಕೆಟ್ಟಿಗೆ ತಂತಿ ಸಿಕ್ಕಿಸಿ, ಕಿಟಕಿಯ ಸರಳುಗಳ ನಡುವೆ ತೂರಿಸಿ ಅಂಗಳಕ್ಕೆ ಎಳೆದೆ.

ದೊಡ್ಡಪ್ಪ ಕವಳ ಜಗಿಯುತ್ತ ಕಾರಿಗೆ ಒಂದು ಸುತ್ತು ಬಂದರು. ಹಿಂದುಗಡೆ ಬಗ್ಗಿ ನೋಡಿದರು.

"ಇದಕ್ಕೆ ಸೈಲೆನ್ಸರೇ ಇಲ್ಲವಲ್ಲೋ?"

"ಹೊಗೆಯೇ ಇಲ್ಲದ ಮೇಲೆ ಸೈಲೆನ್ಸರ್ ಯಾಕೆ ದೊಡ್ಡಪ್ಪ? ಇದು ಕರೆಂಟಿನಲ್ಲಿ ಓಡುತ್ತದೆ. ಪರಿಸರಕ್ಕೆ ಒಳ್ಳೆಯದು."

"ಕರೆಂಟು ಎಲ್ಲಿಂದ ಬರುತ್ತದೆ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. "ಹಾಗಾದರೆ ಇದು ನಮ್ಮ ಹೊಳೆಯ ನೀರು ಕುಡಿದು ಓಡುವ ಕಾರು ಅನ್ನು," ಎಂದವರೇ ಕವಳ ಉಗಿಯಲು ತೋಟದ ಕಡೆಗೆ ಹೋದರು.

ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ತಮಾಷೆ ಎಂದು ಬಿಟ್ಟುಬಿಡಬಹುದಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ದೊಡ್ಡಪ್ಪನಿಗೆ ಹದಿನೈದು ವರ್ಷ. ಶರಾವತಿ ಏರುತ್ತ ಬಂದು ಗದ್ದೆ, ಅಡಿಕೆ ತೋಟ, ಮನೆ ಎಲ್ಲವನ್ನೂ ಒಳಗೆ ಹಾಕಿಕೊಂಡಿತು. ಅಜ್ಜ ಮಾಡಿನ ಜಂತಿಗಳನ್ನೂ ಹೆಬ್ಬಾಗಿಲನ್ನೂ ಬಿಚ್ಚಿ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಈಗಿನ ಮನೆಯ ಬಾಗಿಲು ಅದೇ. ಹೊಸ ಗೋಡೆಯ ಅಳತೆಗೆ ಅದು ಸರಿಹೊಂದದೆ, ಮೇಲೆ ನಾಲ್ಕು ಬೆರಳು ಜಾಗಕ್ಕೆ ಹಲಗೆ ಹೊಡೆದಿದ್ದಾರೆ. ಆ ನೀರಿನಿಂದ ಬೆಂಗಳೂರಿಗೆ ದೀಪ ಬಂತು, ಕಾರ್ಖಾನೆಗಳು ಬಂದವು. ನೀರು ಬಿಟ್ಟುಕೊಟ್ಟವರ ಮನೆಗಳಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ಹೀಗಾಗಿ ಕರೆಂಟು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಸಾಮಾನ್ಯಜ್ಞಾನದ ಪ್ರಶ್ನೆಯಲ್ಲ.

ಆವತ್ತಿನಿಂದ ನಾನು ಲೆಕ್ಕ ಹಾಕುತ್ತ ಕುಳಿತಿದ್ದೇನೆ. ಕಾರು ಎಂಬುದು ಎಂದಾದರೂ ಪರಿಸರಕ್ಕೆ ಸ್ನೇಹಿತನಾಗಬಲ್ಲದೇ, ಅಥವಾ ಶತ್ರುತ್ವವನ್ನು ಸ್ವಲ್ಪ ಕಡಿಮೆ ಮಾಡಿಕೊಂಡದ್ದನ್ನೇ ನಾವು ಸ್ನೇಹ ಎಂದು ಕರೆಯುತ್ತಿದ್ದೇವೆಯೇ?

ಮೊದಲು ನನ್ನ ಕಾರಿನ ಪರವಾಗಿ ನಾಲ್ಕು ಮಾತು. ಬನಶಂಕರಿಯ ಸಿಗ್ನಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುವ ಸಂಚಾರ ಪೊಲೀಸರ ಮೂಗಿಗೆ ನನ್ನ ಕಾರು ಏನನ್ನೂ ಊದುವುದಿಲ್ಲ. ಶಾಲಾ ಮಗುವಿನ ಮುಖ ಕಾರಿನ ಸೈಲೆನ್ಸರಿಗೆ ನಮ್ಮ ಮುಖಕ್ಕಿಂತ ಹತ್ತಿರ ಇರುತ್ತದೆ ಎಂಬುದು ಮಗಳ ಕೈಹಿಡಿದು ರಸ್ತೆ ದಾಟುವವರಿಗೆ ಗೊತ್ತು. ಆ ಮಟ್ಟಿಗೆ ಇದು ದೊಡ್ಡ ಪುಣ್ಯ. ಪೆಟ್ರೋಲು ಸುಡುವ ಎಂಜಿನ್ ಇಂಧನದ ಶಕ್ತಿಯ ಬಹುಪಾಲನ್ನು ಶಾಖವಾಗಿ ಪೋಲು ಮಾಡುತ್ತದೆ, ವಿದ್ಯುತ್ ಮೋಟಾರು ತನಗೆ ಬಂದ ಶಕ್ತಿಯ ಬಹುಪಾಲನ್ನು ಗಾಲಿಗೆ ಮುಟ್ಟಿಸುತ್ತದೆ. ಇದರಲ್ಲೂ ತಕರಾರಿಲ್ಲ.

ಹಾಗೆ ನೋಡಿದರೆ ಕಾರು ತಾನು ಶುದ್ಧವಾದೆ ಎಂದು ಘೋಷಿಸಿಕೊಳ್ಳುತ್ತಿರುವುದು ಇದೇ ಮೊದಲಲ್ಲ. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೋಯಿತು. ಅದರ ಹಿಂದುಮುಂದಿನಲ್ಲೇ ಹೊಗೆ ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಸಿಎನ್‌ಜಿ, 2020ರ ಏಪ್ರಿಲಿನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ, ಈಗ ಬಂಕುಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು. ಈ ಎಥೆನಾಲಿಗೆ ಕಬ್ಬು ಬೇಕು, ಮೆಕ್ಕೆಜೋಳ ಬೇಕು. ಕಬ್ಬಿಗೆ ನೀರು ಬೇಕು. ಕಾವೇರಿಯ ನೀರಿಗಾಗಿ ಎರಡು ರಾಜ್ಯಗಳು ಕಾದಾಡುವ ನಾಡಿನಲ್ಲಿ ಅದನ್ನು ಕಾರಿನ ಟ್ಯಾಂಕಿಗೂ ಹಂಚುವ ಧೈರ್ಯ ನಮ್ಮದು. ಒಂದೊಂದು ಪ್ರಾಯಶ್ಚಿತ್ತದಿಂದಲೂ ಒಂದಿಷ್ಟು ಒಳ್ಳೆಯದೇ ಆಯಿತು, ಸೀಸ ಹೋದದ್ದಂತೂ ಮಕ್ಕಳ ಭಾಗ್ಯ. ಆದರೆ ಪ್ರಾಯಶ್ಚಿತ್ತ ಮಾಡಿಕೊಂಡವನು ಮರುದಿನ ಇನ್ನಷ್ಟು ನಿರಾಳವಾಗಿ ಓಡಾಡುತ್ತಾನೆ.

ಇದು ಉಪಮೆಯಲ್ಲ, ನನ್ನದೇ ಕಥೆ. ಹಳೆಯ ಪೆಟ್ರೋಲು ಕಾರು ವರ್ಷಕ್ಕೆ ಏಳು ಸಾವಿರ ಕಿಲೋಮೀಟರ್ ಓಡುತ್ತಿತ್ತು. ಲೀಟರಿಗೆ ಹದಿನೈದು ಕೊಡುತ್ತಿದ್ದ ಗಾಡಿ. ಅಂದರೆ ವರ್ಷಕ್ಕೆ ಸುಮಾರು 467 ಲೀಟರ್. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಒಟ್ಟು ಸಾವಿರದ ಎಪ್ಪತ್ತು ಕಿಲೋದ ಆಸುಪಾಸು. ಬ್ಯಾಟರಿ ಕಾರು ಬಂದ ಮೇಲೆ ಮೊದಲ ವರ್ಷದ ಮೀಟರ್ ನೋಡಿದರೆ ಹದಿಮೂರು ಸಾವಿರ! ಮೊದಮೊದಲು ಇದು ಮೀಟರಿನದೇ ತಪ್ಪಿರಬೇಕು ಎಂದುಕೊಂಡೆ. ಆಮೇಲೆ ಒಂದೊಂದೇ ನೆನಪಾಯಿತು. ಮೊದಲು ಕೊತ್ತಂಬರಿ ಸೊಪ್ಪಿಗೆ ನಡೆದು ಹೋಗುತ್ತಿದ್ದೆ. "ಖರ್ಚೇನು ಮಹಾ, ಕಿಲೋಮೀಟರಿಗೆ ಒಂದು ರೂಪಾಯಿ" ಎಂದು ಕಾರು ತೆಗೆಯತೊಡಗಿದೆ. ಮೆಟ್ರೋ ಹಿಡಿಯುತ್ತಿದ್ದ ದಿನಗಳಲ್ಲಿ ಕಾರು. ಭಾನುವಾರ ರಾಮನಗರದ ಕಡೆ ತಟ್ಟೆ ಇಡ್ಲಿಗೆ ಕಾರು. ಪರಿಸರಕ್ಕೆ ಒಳ್ಳೆಯದಲ್ಲವೇ, ಎಷ್ಟು ಓಡಿಸಿದರೆ ಅಷ್ಟು ಒಳ್ಳೆಯದು ಎಂಬಂತೆ.

ನೂರು ಕಿಲೋಮೀಟರಿಗೆ ಚಾರ್ಜಿಂಗಿನ ನಷ್ಟವೂ ಸೇರಿ ಹದಿನೈದು ಯೂನಿಟ್ ಎಂದರೆ ಹದಿಮೂರು ಸಾವಿರಕ್ಕೆ 1,950 ಯೂನಿಟ್. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಈಗಲೂ ಕಲ್ಲಿದ್ದಲಿನದು, ಸರಾಸರಿ ಹಿಡಿದರೆ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ 1,365 ಕಿಲೋ. ಹೊಗೆ ಬಿಡುವ ಕಾರಿಗಿಂತ ಹೊಗೆ ಬಿಡದ ಕಾರಿನಿಂದ ನಾನು ಸುಮಾರು ಮುನ್ನೂರು ಕಿಲೋ ಹೆಚ್ಚು ಹೊಗೆ ಬಿಟ್ಟಿದ್ದೆ.

ಈ ಲೆಕ್ಕ ಪೂರ್ತಿ ನ್ಯಾಯದ್ದಲ್ಲ, ಒಪ್ಪುತ್ತೇನೆ. ಎಣ್ಣೆಯನ್ನು ನೆಲದಿಂದ ಎತ್ತಿ, ಸಂಸ್ಕರಿಸಿ, ಬಂಕಿಗೆ ತರುವ ಖರ್ಚು ಪೆಟ್ರೋಲಿನ ಬಾಬತ್ತಿನಲ್ಲಿ ಸೇರಿಲ್ಲ. ತಂತಿಯಲ್ಲಿ ಸೋರುವ ವಿದ್ಯುತ್ತೂ ಗಣಿಯ ಖರ್ಚೂ ಇನ್ನೊಂದು ಬಾಬತ್ತಿನಲ್ಲಿ ಸೇರಿಲ್ಲ. ಕರ್ನಾಟಕದಲ್ಲಿ ನೀರು, ಗಾಳಿ, ಬಿಸಿಲಿನ ವಿದ್ಯುತ್ ದೇಶದ ಸರಾಸರಿಗಿಂತ ಹೆಚ್ಚು. ಏಳು ಸಾವಿರವೇ ಓಡಿಸಿದ್ದರೆ ಮುನ್ನೂರಕ್ಕೂ ಹೆಚ್ಚು ಕಿಲೋ ಉಳಿಯುತ್ತಿತ್ತು ಎಂಬುದೂ ನಿಜ. ಅಂದರೆ ಕಾರು ತನ್ನ ಮಾತು ಉಳಿಸಿಕೊಂಡಿತು, ನಾನು ಉಳಿಸಿಕೊಳ್ಳಲಿಲ್ಲ. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಯಂತ್ರಗಳು ಬಂದರೆ ಕಲ್ಲಿದ್ದಲಿನ ಖರ್ಚು ಇಳಿಯುವುದಿಲ್ಲ, ಏರುತ್ತದೆ ಎಂದು ವಿಲಿಯಂ ಸ್ಟಾನ್ಲಿ ಜೆವನ್ಸ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1865ರಲ್ಲೇ ಬರೆದಿದ್ದ. ಕೊತ್ತಂಬರಿ ಸೊಪ್ಪಿಗೆ ಕಾರು ತೆಗೆಯುವ ಮುನ್ನ ಅವನನ್ನು ಓದಿರಬೇಕಿತ್ತು.

ಬ್ಯಾಟರಿಯದು ಇನ್ನೊಂದು ಸಾಲ. ಅದನ್ನು ತಯಾರಿಸುವಾಗಲೇ ಒಂದೊಂದು ಕಿಲೋವ್ಯಾಟ್ ಗಂಟೆಯ, ಅಂದರೆ ಒಂದೊಂದು ಯೂನಿಟ್ಟಿನ, ಸಾಮರ್ಥ್ಯಕ್ಕೆ ಅರವತ್ತರಿಂದ ನೂರು ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ ಎಂಬುದು ಸಾಮಾನ್ಯವಾಗಿ ಹಿಡಿಯುವ ಅಂದಾಜು. ನನ್ನದು ಮೂವತ್ತು ಯೂನಿಟ್ಟಿನ ಬ್ಯಾಟರಿ. ಅಂದರೆ ಶೋರೂಮಿನಿಂದ ಹೊರಬರುವ ಹೊತ್ತಿಗೇ ತಲೆಯ ಮೇಲೆ ಎರಡರಿಂದ ಮೂರು ಟನ್ ಸಾಲ. ಏಳು ಸಾವಿರ ಕಿಲೋಮೀಟರಿನವನು ವರ್ಷಕ್ಕೆ ಮುನ್ನೂರು ಚಿಲ್ಲರೆ ಕಿಲೋ ಉಳಿಸಿದರೆ ಅದನ್ನು ತೀರಿಸಲು ಆರರಿಂದ ಒಂಬತ್ತು ವರ್ಷ ಬೇಕು. ಇಲ್ಲೊಂದು ವಿಚಿತ್ರ ಇದೆ, ನನಗೆ ಇದು ಹೊಳೆದದ್ದು ತಡವಾಗಿ. ಸುಮ್ಮನೆ ನಿಲ್ಲುವ ಗಾಡಿಗೆ ಬ್ಯಾಟರಿ ದಂಡ, ದಿನವಿಡೀ ದುಡಿಯುವ ಗಾಡಿಗೆ ಬ್ಯಾಟರಿ ಲಾಭ. ಬೆಳಗಿನಿಂದ ರಾತ್ರಿಯವರೆಗೆ ಓಡುವ ಆಟೋ, ದಿನಕ್ಕೆ ಇನ್ನೂರು ಕಿಲೋಮೀಟರ್ ತಿರುಗುವ ಬಿಎಂಟಿಸಿ ಬಸ್ಸು ಈ ಸಾಲವನ್ನು ಬೇಗ ತೀರಿಸುತ್ತವೆ. ಖಾಸಗಿ ಕಾರು ಎಂಬುದೋ, ದಿನದ ಇಪ್ಪತ್ತೆರಡು ಇಪ್ಪತ್ತಮೂರು ಗಂಟೆ ನಿಂತೇ ಇರುವ ವಸ್ತು. ಮಲಗಿದ್ದವನಿಗೆ ಹಾಸಿಗೆಯಲ್ಲೇ ಹಾಲು ತುಪ್ಪ ಬಡಿಸಿ, ಗದ್ದೆಗೆ ಹೋದವನಿಗೆ ಗಂಜಿ ಕೊಟ್ಟಂತೆ ನಾವು ಬ್ಯಾಟರಿಗಳನ್ನು ಹಂಚುತ್ತಿದ್ದೇವೆ.

ಮತ್ತೆ ದೊಡ್ಡಪ್ಪನ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನಲ್ಲಿ ನಾನು ಕಾರನ್ನು ಚಾರ್ಜಿಗೆ ಹಾಕುವುದು ರಾತ್ರಿ ಹತ್ತಕ್ಕೆ, ಊಟ ಮುಗಿದ ಮೇಲೆ. ಎಲ್ಲರೂ ಹೆಚ್ಚುಕಡಿಮೆ ಹಾಗೆಯೇ. ಆ ಹೊತ್ತಿಗೆ ಪಾವಗಡದ ಸೌರ ಫಲಕಗಳು ಕತ್ತಲೆಯಲ್ಲಿ ಮಲಗಿರುತ್ತವೆ. 2,050 ಮೆಗಾವ್ಯಾಟಿನ, ಹದಿಮೂರು ಸಾವಿರ ಎಕರೆ ಹರಡಿಕೊಂಡ ಆ ಸೋಲಾರ್ ಪಾರ್ಕು ಜಗತ್ತಿನ ದೊಡ್ಡವುಗಳಲ್ಲಿ ಒಂದು. ಮಳೆಯೇ ಕಾಣದ ನಾಗಲಮಡಿಕೆ ಹೋಬಳಿಯ ಐದು ಹಳ್ಳಿಗಳ ನೆಲವನ್ನು ಅಲ್ಲಿ ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ನಮ್ಮ ಮುಳುಗಡೆಯವರ ಪಾಡಿಗೆ ಹೋಲಿಸಿದರೆ ಇದು ಎಷ್ಟೋ ಸಭ್ಯವಾದ ವ್ಯವಹಾರ. ನೆಲ ಇದ್ದವರಿಗೆ ಬಾಡಿಗೆ ಬಂತು. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಂತು.

ರಾತ್ರಿ ಹತ್ತಕ್ಕೆ ಎಚ್ಚರವಿರುವುದು ರಾಯಚೂರಿನ ಶಕ್ತಿನಗರ. ಕೃಷ್ಣೆಯ ದಂಡೆಯ ಮೇಲೆ 1985ರಿಂದ ಉರಿಯುತ್ತಿರುವ ಕಲ್ಲಿದ್ದಲಿನ ಸ್ಥಾವರ. ಈಗ ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಕೆಲಸದ ಮೇಲೆ ಅಲ್ಲಿಗೆ ಒಮ್ಮೆ ಹೋಗಿದ್ದೆ. ಉಳಿದುಕೊಂಡಿದ್ದ ಮನೆಯ ಗೃಹಿಣಿ ಒಣಹಾಕಿದ್ದ ಬಿಳಿ ಪಂಚೆಯನ್ನು ಹಗ್ಗದಿಂದ ತೆಗೆದು, ಮಡಚುವ ಮೊದಲು ಎರಡು ಸಲ ಜೋರಾಗಿ ಕೊಡವಿದರು. ಕೈಗೆ ಹತ್ತಿದ್ದನ್ನು ಸೆರಗಿಗೆ ಒರೆಸಿಕೊಂಡರು. ಬೂದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ, ಅಷ್ಟು ಅಭ್ಯಾಸವಾಗಿದೆ. ನನ್ನ ಕಾರಿನ ಸೈಲೆನ್ಸರ್ ಎಲ್ಲಿದೆ ಎಂದು ದೊಡ್ಡಪ್ಪ ಬಗ್ಗಿ ಹುಡುಕಿದ್ದರಲ್ಲ, ಅದು ಅಲ್ಲಿತ್ತು, ನಾನೂರು ಕಿಲೋಮೀಟರ್ ಉದ್ದದ ಸೈಲೆನ್ಸರ್.

ಹಾಗಾದರೆ ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡಬೇಕು. ಅದಕ್ಕೊಂದು ದಾರಿ ಪಂಪ್ಡ್ ಸ್ಟೋರೇಜ್. ಹಗಲು ಹೆಚ್ಚಾದ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಎತ್ತುವುದು, ರಾತ್ರಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಉಪಾಯವೇನೋ ಸೊಗಸಾಗಿದೆ. ಎತ್ತುವಾಗ ಖರ್ಚಾದಷ್ಟು ಇಳಿಯುವಾಗ ಸಿಗುವುದಿಲ್ಲ, ಅಷ್ಟೇ. ಕರ್ನಾಟಕ ವಿದ್ಯುತ್ ನಿಗಮ ಇಂಥದೊಂದು 2,000 ಮೆಗಾವ್ಯಾಟಿನ ಯೋಜನೆ ಹಾಕಿದೆ. ಎಲ್ಲಿ ಎಂದು ಕೇಳುತ್ತೀರಾ? ಶರಾವತಿ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಳಗೆ. ಸಾಗರ, ಹೊನ್ನಾವರದ ಕಡೆ ಅದನ್ನು ವಿರೋಧಿಸಿ ಸಭೆ, ಧರಣಿ ನಡೆದಿವೆ. ಸುದ್ದಿಯನ್ನು ಪೇಪರಿನಲ್ಲಿ ಓದಿದ ದೊಡ್ಡಪ್ಪ ಫೋನು ಮಾಡಿದ್ದರು. "ನಿನ್ನ ಕಾರಿಗೆ ಇನ್ನೂ ಬಾಯಾರಿಕೆಯಂತಲ್ಲೋ?"

ವಿದ್ಯುತ್ತಿನ ಸಮಸ್ಯೆ ಒಂದು ದಿನ ಬಗೆಹರಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ನಾಡಿನ ಅಷ್ಟೂ ಕರೆಂಟು ಬಿಸಿಲು, ಗಾಳಿಯಿಂದಲೇ ಬರುತ್ತದೆ, ಬ್ಯಾಟರಿ ಅಗ್ಗವಾಗುತ್ತದೆ, ಹಳೆಯದನ್ನು ಕರಗಿಸಿ ಹೊಸದು ಮಾಡುತ್ತಾರೆ. ಆಗಲಾದರೂ?

ಮೊನ್ನೆ ಮುಂದಿನ ಎರಡು ಟಯರ್ ಬದಲಿಸಬೇಕಾಯಿತು. ಮೂವತ್ತು ಸಾವಿರವೂ ಆಗಿರಲಿಲ್ಲ. "ಬ್ಯಾಟರಿ ಗಾಡಿ ಅಲ್ಲವೇ ಸರ್, ಭಾರ ಜಾಸ್ತಿ, ಎಳೆತವೂ ಜಾಸ್ತಿ. ಹೀಗೇ ಸವೆಯುತ್ತದೆ," ಎಂದ ಅಂಗಡಿಯ ಹುಡುಗ. ಹಳೆಯ ಟಯರನ್ನು ಎತ್ತಿ ನೋಡಿದೆ. ಸವೆದ ಟಯರು ಹೊಸದಕ್ಕಿಂತ ಒಂದು ಕಿಲೋಗೂ ಹೆಚ್ಚು ಹಗುರ ಇರುತ್ತದೆ. ಆ ಒಂದು ಕಿಲೋ ಎಲ್ಲಿ ಹೋಯಿತು? ಕನಕಪುರ ರಸ್ತೆಯ ಮೇಲೆ ಪುಡಿಯಾಗಿ ಬಿದ್ದಿತು. ಗಾಳಿಗೆ ಎದ್ದಷ್ಟು ನಮ್ಮ ಶ್ವಾಸಕೋಶಕ್ಕೆ, ಮಳೆಗೆ ಕೊಚ್ಚಿದಷ್ಟು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆ ಇಡುವ ಮುನ್ನವೇ ಸಾಯುತ್ತಿದ್ದವು. ಟಯರ್ ಬಿರುಕು ಬಿಡದಿರಲೆಂದು ಬೆರೆಸುವ ಒಂದು ರಾಸಾಯನಿಕ ಓಝೋನಿನೊಡನೆ ಸೇರಿ ವಿಷವಾಗುವುದೇ ಕಾರಣ ಎಂದು 2020ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಪೆಟ್ರೋಲೋ ಕರೆಂಟೋ, ಟಯರಿಗೆ ಭೇದವಿಲ್ಲ. ಬ್ರೇಕಿನ ಪುಡಿ ಮಾತ್ರ ಬ್ಯಾಟರಿ ಕಾರಿನಲ್ಲಿ ಕಡಿಮೆ, ಏಕೆಂದರೆ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡುತ್ತದೆ.

ಜಾಗದ ಮಾತನ್ನಂತೂ ಯಾವ ಜಾಹೀರಾತೂ ಆಡುವುದಿಲ್ಲ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅದು ಸುಮಾರು 135 ಚದರ ಅಡಿ. ನಮ್ಮ ಬಡಾವಣೆಯ ಹಿಂದಿನ ವಠಾರದಲ್ಲಿ ಇಷ್ಟೇ ಅಳತೆಯ ಕೋಣೆಯಲ್ಲಿ ಗಾರೆ ಕೆಲಸದ ದಂಪತಿ ಎರಡು ಮಕ್ಕಳೊಡನೆ ಬಾಡಿಗೆಗೆ ಇದ್ದಾರೆ. ನನ್ನ ಕಾರಿಗೆ ಮನೆಯಲ್ಲೊಂದು, ಕಚೇರಿಯಲ್ಲೊಂದು, ಮಾಲಿನಲ್ಲೊಂದು ಅಂಥ ಕೋಣೆ. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರಿನ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರ ಕಡಿಯುತ್ತಾರೆ ಎಂದಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. ನಾನೂ ನಿಂತಿದ್ದೆ. ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅಂದು ಅಲ್ಲಿಗೆ ಹೇಗೆ ಬಂದಿರಿ ಎಂದು ಯಾರೂ ಕೇಳಲಿಲ್ಲ, ಪುಣ್ಯ. ನಾನು ಕಾರಿನಲ್ಲಿ ಹೋಗಿದ್ದೆ. ನಿಲ್ಲಿಸಲು ಜಾಗ ಹುಡುಕಿ ಇಪ್ಪತ್ತು ನಿಮಿಷ ತಿರುಗಿದ್ದೆ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದೊಳಗೆ ಸುಮಾರು ಹದಿನೇಳು ಕಿಲೋಮೀಟರ್ ಸುರಂಗ ರಸ್ತೆಯ ಯೋಜನೆ ಬಂದಿದೆ. ಸುರಂಗದಲ್ಲಿ ಓಡುವವೆಲ್ಲ ಹಸಿರು ನಂಬರ್ ಪ್ಲೇಟಿನ ಕಾರುಗಳೇ ಆದರೂ ಸುರಂಗವನ್ನು ಅಗೆಯಲೇಬೇಕಲ್ಲ.

ಬೆಂಗಳೂರಿನ ಮಟ್ಟಿಗೆ ಈ ಕಥೆಗೆ ಹಳೆಯ ಬೇರಿದೆ. ಚೇತನ್ ಮೈನಿಯವರ ರೇವಾ ಇಲ್ಲೇ, ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದದ್ದು. ಸೀಸ-ಆಮ್ಲದ ಬ್ಯಾಟರಿ, ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್. ಲಂಡನ್ನಿನವರು ಜಿ-ವಿಝ್ ಎಂದು ಹೆಸರಿಟ್ಟು ಓಡಿಸಿದರು. ಆಗ ನಾನು ಬಾಡಿಗೆಗಿದ್ದ ಜಯನಗರದ ಬೀದಿಯಲ್ಲಿ ಒಬ್ಬ ದಂತವೈದ್ಯರ ಬಳಿ ಒಂದಿತ್ತು. ಪೆಪ್ಪರ್‌ಮಿಂಟ್ ಡಬ್ಬಿಯಂತಿದ್ದ ಅದನ್ನು ನೋಡಿ ನಾವು ನಗುತ್ತಿದ್ದೆವು. ಅವರು ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ, ಅಷ್ಟೇ ಓಡಿಸುತ್ತಿದ್ದರು. ಈಗ ಯೋಚಿಸಿದರೆ, ಕಾರೊಂದು ಪರಿಸರಸ್ನೇಹದ ಹತ್ತಿರ ಹತ್ತಿರ ಹೋದದ್ದು ಅದೊಂದೇ ಇರಬೇಕು. ಒಂದು ಟನ್ನಿಗೂ ಕಡಿಮೆ ತೂಕ, ನಿಲ್ಲಲು ಮೂಲೆ ಸಾಕು, ದೂರ ಹೋಗುವ ಹಮ್ಮಿಲ್ಲ. ಅಂಥ ಕಾರನ್ನು ಯಾರೂ ಬಯಸಲಿಲ್ಲ, ನಾನೂ ಬಯಸಲಿಲ್ಲ. ನನ್ನದು ಹದಿನಾಲ್ಕು ನೂರು ಕಿಲೋ ತೂಗುತ್ತದೆ. ಈಗ ಬರುತ್ತಿರುವ ದೊಡ್ಡವು ಎರಡು ಟನ್ ತೂಗುತ್ತವೆ. ಅರವತ್ತೆಂಟು ಕಿಲೋದ ನನ್ನನ್ನು ಸೊಪ್ಪಿನ ಅಂಗಡಿಗೆ ಮುಟ್ಟಿಸಲು!

ಅದೇ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ಬಂತು. ಮೊದಲ ವಾರ ಸುಮ್ಮನೆ ನೋಡಿ ಬರೋಣ ಎಂದು ಆರ್.ವಿ. ರಸ್ತೆಯಿಂದ ಹತ್ತಿದೆ. ಇದ್ದದ್ದು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಕಾಲಿಡಲು ಜಾಗವಿರಲಿಲ್ಲ, ಜನ ಗೊಣಗುತ್ತಲೇ ನಗುತ್ತಿದ್ದರು. ಇದೂ ಕರೆಂಟಿನಲ್ಲೇ ಓಡುವುದು, ಇದಕ್ಕೂ ರಾಯಚೂರಿನ ಬೂದಿ, ಶರಾವತಿಯ ನೀರು ಬೇಕು. ವ್ಯತ್ಯಾಸ ಇರುವುದು ಭಾಗಾಕಾರದಲ್ಲಿ. ಒಂದು ವಿದ್ಯುತ್ ಬಸ್ಸು ಕಿಲೋಮೀಟರಿಗೆ ಒಂದು ಯೂನಿಟ್ಟಿಗೆ ಸ್ವಲ್ಪ ಹೆಚ್ಚು ತಿನ್ನುತ್ತದೆ. ನಲವತ್ತು ಜನ ಕುಳಿತರೆ ತಲೆಗೆ 0.03. ನಾನೊಬ್ಬನೇ ಕಾರಿನಲ್ಲಿ ಕುಳಿತರೆ 0.15. ಐದು ಪಟ್ಟು. ನಮ್ಮ ಕಚೇರಿಯನ್ನು ಗುಡಿಸುವ ಹೆಂಗಸು 2023ರ ಜೂನಿನಿಂದ ಶಕ್ತಿ ಯೋಜನೆಯ ಟಿಕೆಟ್ಟಿನಲ್ಲಿ ಬಸ್ಸಿನಲ್ಲೇ ಬರುತ್ತಾರೆ. ಅವರಿಗೆ ಹಸಿರು ನಂಬರ್ ಪ್ಲೇಟನ್ನು ಯಾರೂ ಕೊಟ್ಟಿಲ್ಲ. ಕೊಟ್ಟಿರುವುದು ನನಗೆ, ತೆರಿಗೆಯಲ್ಲಿ ರಿಯಾಯಿತಿಯನ್ನೂ ಸೇರಿಸಿ.

ಕಾರನ್ನು ಮಾರಿಲ್ಲ. ಅಮ್ಮನ ಮೊಣಕಾಲಿಗೆ ಮೆಟ್ರೋದ ಮೆಟ್ಟಿಲು ಆಗದು, ರಾತ್ರಿ ಹನ್ನೊಂದಕ್ಕೆ ಮಗಳಿಗೆ ಜ್ವರ ಬಂದರೆ ಬಸ್ಸಿಗೆ ಕಾಯಲಾಗದು. ಕೊಂಡದ್ದಾಗಿದೆ, ಬ್ಯಾಟರಿಯ ಸಾಲವೂ ಆಗಿದೆ. ಮಾರಿದರೆ ಇನ್ನೊಬ್ಬರು ಓಡಿಸುತ್ತಾರೆ. ಸೊಪ್ಪಿಗೆ ಮಾತ್ರ ನಡೆದು ಹೋಗುತ್ತೇನೆ. ಸಾಧ್ಯವಾದ ದಿನ ಹಗಲಿನಲ್ಲಿ, ಬಿಸಿಲಿರುವಾಗ ಚಾರ್ಜಿಗೆ ಹಾಕುತ್ತೇನೆ. ಈ ವರ್ಷದ ಮೀಟರ್ ಆರು ಸಾವಿರದ ಚಿಲ್ಲರೆಯಲ್ಲಿದೆ. ಹೆಂಡತಿ ಇದನ್ನು ನನ್ನ ವ್ರತ ಎಂದು ಕರೆಯುತ್ತಾಳೆ, ಮುರಿಯುವ ದಿನವನ್ನು ಕಾಯುತ್ತಿದ್ದಾಳೆ.

ಕಳೆದ ಡಿಸೆಂಬರಿನಲ್ಲಿ ಅಡಿಕೆಯ ಕೊನೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋದೆವು, ತಾಳಗುಪ್ಪದ ರಾತ್ರಿ ರೈಲಿನಲ್ಲಿ. ಬೆಳಿಗ್ಗೆ ಸಾಗರದಲ್ಲಿ ಇಳಿದು, ಆಟೋದಲ್ಲಿ ಮನೆ ಮುಟ್ಟಿದಾಗ ದೊಡ್ಡಪ್ಪ ಜಗಲಿಯಲ್ಲಿ ಅಡಿಕೆ ರಾಶಿಯ ಪಕ್ಕ ಕುಳಿತಿದ್ದರು. ನಮ್ಮ ಹಿಂದೆ ಗೇಟಿನ ಕಡೆಗೆ ಕತ್ತು ಚಾಚಿ ನೋಡಿದರು.

"ಕಾರು ಎಲ್ಲೋ?"

"ರೈಲಿನಲ್ಲಿ ಬಂದೆವು ದೊಡ್ಡಪ್ಪ."

ಅವರು ಏನೂ ಹೇಳದೆ ಜಗಲಿಯ ಕಂಬದ ಕಡೆ ಕೈ ತೋರಿಸಿದರು. ಹೊಚ್ಚ ಹೊಸ ಬಿಳಿ ಸ್ವಿಚ್ ಬೋರ್ಡು, ದಪ್ಪ ಪ್ಲಗ್ಗಿನ ಸಾಕೆಟ್ಟು, ಇನ್ನೂ ಪ್ಲಾಸ್ಟಿಕ್ ಹಾಳೆ ಕಿತ್ತಿರಲಿಲ್ಲ. ಕಿಟಕಿಯಲ್ಲಿ ತಂತಿ ಎಳೆಯುವ ನನ್ನ ಫಜೀತಿ ನೋಡಲಾರದೆ ಎರಡೂವರೆ ಸಾವಿರ ಕೊಟ್ಟು ಹಾಕಿಸಿದ್ದರಂತೆ.

ಮಧ್ಯಾಹ್ನ ಊಟವಾದ ಮೇಲೆ ಅದರ ಹಾಳೆಯನ್ನು ಅವರೇ ಉಗುರಿನಿಂದ ಕಿತ್ತು, ಅಡಿಕೆ ಸುಲಿಯುವ ಯಂತ್ರದ ಪ್ಲಗ್ಗನ್ನು ಸಿಕ್ಕಿಸಿದರು. ಸರಿಯಾಗಿ ಕೂತಿತು. "ನಿನ್ನ ಕರೆಂಟು," ಎಂದು ಗುಂಡಿ ಒತ್ತಿದರು. ಸಂಜೆಯವರೆಗೆ ನಾನು ಬುಟ್ಟಿಯಿಂದ ಅಡಿಕೆ ಸುರಿಯುತ್ತ ಅದರ ಪಕ್ಕದಲ್ಲೇ ಕುಳಿತಿದ್ದೆ.